ಪೆಟ್ಟಿಗೆ ಮಡಿಯಾಯಿತು, ಟ್ಯೂಬು ಎಲ್ಲಿಗೆ ಹೋಯಿತು?

ಮರದ ಶಟರ್ ಇರುವ ಹಳೇ ಟಿವಿ ಪೆಟ್ಟಿಗೆಯನ್ನು ದೇವರ ಗೂಡು ಮಾಡಿಕೊಡಿ ಎಂದು ಕೇಳಿಕೊಂಡು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಶಿವಮೊಗ್ಗದ ನನ್ನ ರಿಪೇರಿ ಅಂಗಡಿಯ ಬಾಗಿಲು ಹಾಕಿ ಮನೆಯಲ್ಲಿ ಕೂತಿದ್ದರೂ ಹಳೇ ಗಿರಾಕಿಗಳು ನನ್ನನ್ನು ಬಿಟ್ಟಿಲ್ಲ. ಬಂದವರು ಮೊದಲು ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದನ್ನು ಕೇಳುತ್ತಾರೆ: ಸಿನಿಮಾ, ಕುಸ್ತಿ, ಸಾಬೂನಿನ ಜಾಹೀರಾತು ಎಲ್ಲವನ್ನೂ ತೋರಿಸಿದ ಪೆಟ್ಟಿಗೆ ದೇವರಿಗೆ ಆದೀತೇ? ಈ ಪ್ರಶ್ನೆಯನ್ನು ಅವರು ಮೆಕ್ಯಾನಿಕ್ಕಿಗೆ ಕೇಳುವುದಲ್ಲ. ನಮ್ಮ ಅಪ್ಪ ಈಶ್ವರನ ಗುಡಿಯ ಅರ್ಚಕರಾಗಿದ್ದರು ಎಂಬುದು ತಿಳಿದು ಕೇಳುತ್ತಾರೆ.

ಆ ಕಾಲದ ಪೆಟ್ಟಿಗೆಗಳೇ ಹಾಗಿದ್ದವು. ಮದರಾಸಿನ ಡಯನೋರಾ, ಸಾಲಿಡೇರ್, ಹೈದರಾಬಾದಿನ ಇಸಿಐಎಲ್‌ನವರ ಇಸಿ ಟಿವಿ. ನಾಲ್ಕು ಕಾಲಿನ ಮೇಲೆ ನಿಂತು, ಎರಡೂ ಕಡೆಗೆ ಸರಿಯುವ ಪಟ್ಟಿಪಟ್ಟಿ ಶಟರ್ ಇಟ್ಟುಕೊಂಡು, ಬೀಗದ ಕೈ ಸಮೇತ ಬರುತ್ತಿದ್ದವು. ಪರೀಕ್ಷೆಯ ದಿನಗಳಲ್ಲಿ ಆ ಬೀಗದ ಕೈ ಅಪ್ಪಂದಿರ ಜನಿವಾರದಲ್ಲೋ ಅಮ್ಮಂದಿರ ಸೆರಗಿನ ಗಂಟಿನಲ್ಲೋ ಇರುತ್ತಿತ್ತು. ಹೆಚ್ಚಿನವು ಪೂರ್ತಿ ತೇಗ ಅಲ್ಲ, ಪ್ಲೈವುಡ್ಡಿನ ಮೇಲೆ ತೆಳುವಾಗಿ ಅಂಟಿಸಿದ ತೇಗದ ಹಾಳೆ. ಆದರೂ ಹೊಳಪು ಕೊಟ್ಟರೆ ಈಗಲೂ ಚೆಂದ ಕಾಣುತ್ತವೆ. ಬಾಗಿಲು ಹಾಕಬಹುದು, ಆಳ ಇದೆ, ಎತ್ತರ ಇದೆ. ಬಾಡಿಗೆ ಮನೆಯವರಿಗೆ ಇಂಥದ್ದೊಂದು ದೇವರ ಗೂಡು ಸಿಕ್ಕರೆ ಯಾಕೆ ಬೇಡ ಎನ್ನುತ್ತಾರೆ?

ಆದೀತೇ ಎಂಬ ಪ್ರಶ್ನೆಗೆ ನಾನು ಹಿಂದೆಮುಂದೆ ನೋಡದೆ ಆಗುತ್ತದೆ ಎನ್ನುತ್ತೇನೆ. 1987ರ ಜನವರಿ 25, ಭಾನುವಾರ, ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಮರುವರ್ಷ ಜುಲೈ ಮುಗಿಯುವ ತನಕ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ನಾಯಿ ಬಿಟ್ಟರೆ ಮನುಷ್ಯರಿರಲಿಲ್ಲ. ಮಿಂದು, ಟಿವಿಗೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ರಾಮ ತೆರೆಯ ಮೇಲೆ ಬಂದಾಗ ಕೈ ಮುಗಿದವರನ್ನು ಊರೂರಿನಲ್ಲಿ ನೋಡಿದ್ದೇವೆ. ಆ ದಿನಗಳಲ್ಲಿ ರಿಪೇರಿಗೆ ಬಂದ ಸೆಟ್ಟುಗಳ ಸ್ಪೀಕರಿನ ಬಟ್ಟೆಗೆ ಕುಂಕುಮ ಮೆತ್ತಿರುತ್ತಿತ್ತು. ಹಿಂಬದಿಯ ಮುಚ್ಚಳ ತೆಗೆದರೆ ಗಾಳಿಕಿಂಡಿಯಿಂದ ಒಳಗೆ ಬಿದ್ದ ಅಕ್ಷತೆ ಶಾಸಿಯ ಮೇಲೆ ಸಿಗುತ್ತಿತ್ತು. ಅಂದಮೇಲೆ ಈ ಪೆಟ್ಟಿಗೆ ಇವತ್ತು ಹೊಸದಾಗಿ ದೇವರ ಗೂಡಾಗುತ್ತಿಲ್ಲ, ಒಮ್ಮೆ ಆಗಿ ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಹೊರಟಿದೆ.

ಶಾಸ್ತ್ರಕ್ಕೂ ಇದರಲ್ಲಿ ತಕರಾರು ಇದ್ದಂತೆ ನನಗೆ ಕಾಣುವುದಿಲ್ಲ. ಅರಿಸಿನದ ಮುದ್ದೆಯಲ್ಲಿ ಗಣಪತಿಯನ್ನು ಆವಾಹನೆ ಮಾಡುತ್ತೇವೆ. ಪೂಜೆ ಮುಗಿದ ಮೇಲೆ ಉದ್ವಾಸನೆ. ಆಮೇಲೆ ಅದು ಅರಿಸಿನವೇ. ಅಡಿಕೆಯ ಮೇಲೆ ನವಗ್ರಹಗಳನ್ನು ಕೂರಿಸುತ್ತೇವೆ, ಎಬ್ಬಿಸುತ್ತೇವೆ. ವಸ್ತು ಹುಟ್ಟಿನಿಂದ ಪವಿತ್ರವೂ ಅಲ್ಲ, ಅಪವಿತ್ರವೂ ಅಲ್ಲ. ಕರೆದಾಗ ದೇವರು ಬಂದು ಕೂರುತ್ತಾನೆ, ಕಳಿಸಿಕೊಟ್ಟಾಗ ಹೋಗುತ್ತಾನೆ ಎಂಬ ನಂಬಿಕೆಯ ಮೇಲೇ ನಮ್ಮ ಮನೆಪೂಜೆ ನಿಂತಿದೆ. ಪೆಟ್ಟಿಗೆ ಮೊದಲು ಏನು ತೋರಿಸುತ್ತಿತ್ತು ಎಂದು ದೇವರು ವಿಚಾರಣೆ ನಡೆಸಲಾರ.

ಜನ ಕೇಳದ ಪ್ರಶ್ನೆಯೇ ನನ್ನನ್ನು ಕಾಡುವುದು. ಒಳಗಿದ್ದದ್ದನ್ನು ಏನು ಮಾಡುತ್ತೀರಿ?

ಇದನ್ನು ಹೇಳಬೇಕಾದರೆ ಗುಡಿಯಿಂದ ಶುರು ಮಾಡಬೇಕು. ನಾನು ಹುಡುಗನಾಗಿದ್ದಾಗ ಅಪ್ಪ ಪೂಜೆ ಮಾಡುತ್ತಿದ್ದ ಗುಡಿಯ ಜೀರ್ಣೋದ್ಧಾರ ನಡೆಯಿತು. ಗರ್ಭಗುಡಿ ಸೋರುತ್ತಿತ್ತು, ಪೀಠ ಬಿರುಕು ಬಿಟ್ಟಿತ್ತು. ಶಿಲ್ಪಿಗಳು ಬಂದು ಹೊರಗೆ ಬೀಡಿ ಸೇದುತ್ತಾ ಕೂತಿದ್ದರು. ಒಳಗೆ ಕಲಾಕರ್ಷಣ ಮುಗಿಯುವ ತನಕ ಅವರು ಉಳಿ ಮುಟ್ಟುವಂತಿರಲಿಲ್ಲ. ಮೂರ್ತಿಯಲ್ಲಿರುವ ಕಲೆಯನ್ನು, ಅಂದರೆ ದೇವರ ಸಾನ್ನಿಧ್ಯವನ್ನು, ಮಂತ್ರಪೂರ್ವಕವಾಗಿ ನೀರು ತುಂಬಿದ ಕುಂಭಕ್ಕೆ ಇಳಿಸುವ ವಿಧಿ ಅದು. ಆ ಕುಂಭವನ್ನು ಬಾಲಾಲಯದಲ್ಲಿಟ್ಟು ಗುಡಿಯ ಕೆಲಸ ಮುಗಿಯುವವರೆಗೆ ಅಲ್ಲೇ ಪೂಜೆ. ಕುಂಭ ಹೊರಗೆ ಹೋದ ಮೇಲೆ ಅಪ್ಪ ಶಿಲ್ಪಿಗಳ ಕಡೆ ತಿರುಗಿ, “ಇನ್ನು ನಿಮ್ಮ ಕೆಲಸ, ಈಗ ಇದು ಕಲ್ಲು” ಎಂದಿದ್ದರು. ಬೆಳಿಗ್ಗೆ ತಾನೇ ಅಭಿಷೇಕ ಮಾಡಿದವರು ಮಧ್ಯಾಹ್ನ ಕಲ್ಲು ಎನ್ನುವುದನ್ನು ಕೇಳಿ ನನಗೆ ಮೈ ಜುಮ್ಮೆಂದಿತ್ತು.

ಮುಂದೆ ಐಟಿಐ ಮುಗಿಸಿ ಟಿವಿ ಬಿಚ್ಚಲು ಕಲಿತಾಗ ಮೊದಲ ಪಾಠವೇ ಅದಾಗಿತ್ತು. ಮುಟ್ಟುವ ಮೊದಲು ಇಳಿಸು. ಪಿಕ್ಚರ್ ಟ್ಯೂಬಿನ ಗಾಜಿಗೆ ಒಳಗೂ ಹೊರಗೂ ವಿದ್ಯುತ್ ಹರಿಯುವ ಲೇಪ ಇರುತ್ತದೆ. ಹೊರಗಿನದು ಕಪ್ಪನೆಯ ಗ್ರಾಫೈಟು. ಎರಡರ ನಡುವೆ ಗಾಜು. ಹಾಗಾಗಿ ಟ್ಯೂಬೇ ಒಂದು ಕೆಪಾಸಿಟರ್. ಕಪ್ಪುಬಿಳುಪಿನ ದೊಡ್ಡ ಟ್ಯೂಬಿನಲ್ಲಿ 15,000 ವೋಲ್ಟಿನ ಆಸುಪಾಸು, ಬಣ್ಣದ್ದರಲ್ಲಿ 25,000 ವೋಲ್ಟಿನ ಆಸುಪಾಸು ನಿಂತಿರುತ್ತದೆ. ಪ್ಲಗ್ ಕಿತ್ತರೂ ಅದು ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಕೂತಿರಬಹುದು. ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದೆ, ಇನ್ನೇನಿದೆ ಅದರಲ್ಲಿ ಎಂದು ಯಾರಾದರೂ ಹೇಳಿದರೆ ನಾನು ಅವರ ಮಾತನ್ನು ನಂಬಿ ಕೈ ಹಾಕುವುದಿಲ್ಲ.

ಇಳಿಸುವ ಕ್ರಮ ಹೀಗೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಇಡಬೇಕು. ಉಂಗುರ, ಕೈಗಡಿಯಾರ, ಕಡಗ ಬಿಚ್ಚಿಡಬೇಕು. ನೆಲ ಒಣಗಿರಬೇಕು, ಕಾಲಲ್ಲಿ ರಬ್ಬರ್ ಚಪ್ಪಲಿ, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೋಣೆಯಲ್ಲಿ ಇನ್ನೊಬ್ಬರು. ಎಡಗೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದು ತಾಗಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ, ಅದಕ್ಕೆ. ಟ್ಯೂಬಿನ ಬೆನ್ನಿಗೆ ಬಿಗಿದ ಅರ್ಥ್ ಜಾಲರಿಗೆ ಒಂದು ವೈರಿನ ಕ್ಲಿಪ್ಪು ಹಾಕಿ, ಇನ್ನೊಂದು ತುದಿಯನ್ನು ಹೈವೋಲ್ಟೇಜಿನ ರೆಸಿಸ್ಟರ್ ಇರುವ, ಉದ್ದ ಹಿಡಿಯ ಕಡ್ಡಿಗೆ ಕಟ್ಟಿ, ಟ್ಯೂಬಿನ ಮೇಲಿನ ಕೆಂಪು ಅಥವಾ ಕಪ್ಪು ರಬ್ಬರ್ ಟೋಪಿಯ ಅಡಿಗೆ ಮೆಲ್ಲಗೆ ತೂರಿಸಬೇಕು. ಒಮ್ಮೊಮ್ಮೆ ಟಪ್ ಎನ್ನುತ್ತದೆ, ಒಮ್ಮೊಮ್ಮೆ ಏನೂ ಕೇಳುವುದಿಲ್ಲ. ಕೇಳಲಿಲ್ಲ ಎಂದರೆ ಇಳಿದಿದೆ ಎಂದಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿಸಬೇಕು, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಯಾಕೆಂದರೆ ಇಳಿಸಿದ ಮೇಲೂ ಗಾಜು ತನ್ನೊಳಗೆ ಹಿಡಿದಿಟ್ಟ ಒಂದಿಷ್ಟನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಆಮೇಲೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರು. ಅದರಲ್ಲಿ 300 ವೋಲ್ಟಿನಷ್ಟು ಇರಬಹುದು; ಟ್ಯೂಬಿನದ್ದಕ್ಕಿಂತ ಕಡಿಮೆ ಎಂದು ಹಗುರ ಮಾಡಬಾರದು, ಹೊಡೆದು ಕೊಲ್ಲುವ ಸಾಮರ್ಥ್ಯ ಅದಕ್ಕೇ ಹೆಚ್ಚು. ಅದನ್ನೂ ರೆಸಿಸ್ಟರ್ ಹಾಕಿ ಇಳಿಸಿ, ಮೀಟರ್ ಇಟ್ಟು ನೋಡಬೇಕು. ಇಷ್ಟನ್ನೂ ಬರೆದದ್ದು ಓದುಗರು ಮನೆಯಲ್ಲಿ ಕೈ ಹಾಕಲಿ ಎಂದಲ್ಲ. ಕೆಲಸ ಗೊತ್ತಿರುವ ಹಳೇ ಮೆಕ್ಯಾನಿಕ್ಕುಗಳು ಎಲ್ಲ ಊರಲ್ಲೂ ಒಬ್ಬಿಬ್ಬರು ಉಳಿದಿದ್ದಾರೆ, ಕೆಲಸವಿಲ್ಲದೆ ಕೂತಿದ್ದಾರೆ, ಅವರನ್ನು ಕರೆಯಿರಿ.

ಕಲಾಕರ್ಷಣಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಎಳೆದಾಡುವ ಆಸೆ ನನಗಿಲ್ಲ. ಅಲ್ಲಿ ಇಳಿದದ್ದು ಕುಂಭದಲ್ಲಿ ಉಳಿಯುತ್ತದೆ, ಮತ್ತೆ ಹೊಸ ಮೂರ್ತಿಗೆ ಏರುತ್ತದೆ. ಇಲ್ಲಿ ಇಳಿದದ್ದು ಇಲ್ಲವಾಗುತ್ತದೆ, ಅಷ್ಟೆ. ನನಗೆ ಬೇಕಾದ್ದು ಆ ಕ್ರಮ ಮಾತ್ರ. ಒಂದು ವಸ್ತುವಿನ ಕೆಲಸ ಮುಗಿಯಿತು ಎಂದು ಹೇಳುವ ಅಧಿಕಾರ ಹಾಗೇ ಬರುವುದಿಲ್ಲ. ಅದರೊಳಗೆ ಏನಿದೆ ಎಂದು ತಿಳಿದು, ಅದನ್ನು ಕೈಯಾರೆ ಇಳಿಸಿದವನಿಗೆ ಬರುತ್ತದೆ.

ಇನ್ನು ಟ್ಯೂಬು. ವಿದ್ಯುತ್ತು ಇಳಿದ ಮೇಲೂ ಅದರ ಒಳಗೆ ನಿರ್ವಾತ ಇರುತ್ತದೆ. 20 ಇಂಚಿನ ತೆರೆಯ ವಿಸ್ತೀರ್ಣ ಸುಮಾರು 1,200 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಹೊರಗಿನ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚು ಭಾರ ಹಾಕುತ್ತದೆ. ಲೆಕ್ಕ ಹಾಕಿದರೆ ತೆರೆಯ ಮೇಲೆ ಒಂದು ಟನ್ನಿಗೂ ಮಿಕ್ಕಿದ ಒತ್ತಡ, ಹಗಲೂ ರಾತ್ರಿ. ಒಡೆದರೆ ಗಾಜು ಮೊದಲು ಒಳಗೆ ಕುಸಿದು ಆಮೇಲೆ ಎಲ್ಲ ದಿಕ್ಕಿಗೂ ಹಾರುತ್ತದೆ. ಟ್ಯೂಬಿನ ಕುತ್ತಿಗೆ ಎಲ್ಲಕ್ಕಿಂತ ನಾಜೂಕು. ಅದನ್ನು ಹಿಡಿದು ಎತ್ತಿದವನನ್ನು ನಮ್ಮ ಅಂಗಡಿಯಲ್ಲಿ ಮರುದಿನ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ತೆರೆಯನ್ನು ಎದೆಗೆ ಆನಿಸಿಕೊಂಡು ಎರಡೂ ಕೈಯಲ್ಲಿ ಅಂಚು ಹಿಡಿದು ಇಳಿಸಿ, ದಪ್ಪ ಕಂಬಳಿಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಬೇಕು. ಬಣ್ಣದ ಟಿವಿಯ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ, ಒಳಗೆ ಹುಟ್ಟುವ ಎಕ್ಸ್‌ಕಿರಣ ಮನೆಯವರಿಗೆ ತಾಗದಿರಲಿ ಎಂದು ಹಾಕಿದ್ದು. ಕಪ್ಪುಬಿಳುಪಿನದರಲ್ಲಿ ಕಡಿಮೆ, ಇಲ್ಲವೆಂದಲ್ಲ. ನಮ್ಮನ್ನು ಕಾಯಲೆಂದು ಸೇರಿಸಿದ ಸೀಸವೇ ಒಡೆದು ಮಣ್ಣಿಗೆ ಬಿದ್ದಾಗ ವಿಷ.

ಎಲ್ಲ ಬಿಚ್ಚಿಟ್ಟಾಗ ಹಾಲ್‌ನಲ್ಲಿ ಹಳೇ ಪತ್ರಿಕೆಯ ಮೇಲೆ ಸಾಲಾಗಿ ಬಿದ್ದಿರುತ್ತವೆ: ಯೋಕ್, ಇಎಚ್‌ಟಿ ಟ್ರಾನ್ಸ್‌ಫಾರ್ಮರ್, ಟಕಟಕ ತಿರುಗಿಸುವ ಟ್ಯೂನರ್, ಸ್ಪೀಕರ್, ಬೋರ್ಡು, ಟ್ಯೂಬು. ಭಾರತದ ತತ್ತ್ವಶಾಸ್ತ್ರದಲ್ಲಿ ಇದಕ್ಕೊಂದು ಹೆಸರಾಂತ ದೃಶ್ಯವಿದೆ. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಕೇಳುತ್ತಾನೆ: ರಥ ಎನ್ನುವುದು ಗಾಲಿಯೋ, ಅಚ್ಚೋ, ನೊಗವೋ? ಯಾವುದೂ ಅಲ್ಲದಿದ್ದರೆ ರಥ ಎಲ್ಲಿದೆ? ರಥ ಎಂಬುದು ಬಿಡಿಭಾಗಗಳಿಗೆ ಇಟ್ಟುಕೊಂಡ ಹೆಸರು ಎಂದು ರಾಜ ಒಪ್ಪುತ್ತಾನೆ. ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಂದ ಬೇರೆಯಾದ ಅವಯವಿ ಎಂಬುದೊಂದು ನಿಜಕ್ಕೂ ಇದೆ ಎಂದು ಶತಮಾನಗಟ್ಟಲೆ ಬೌದ್ಧರ ಜೊತೆ ವಾದಿಸಿದರು. ಎರಡೂ ಕಡೆಯವರ ಬಗ್ಗೆ ನನಗೆ ಗೌರವವಿದೆ. ಆದರೆ ಕೈ ಕೊಳೆ ಮಾಡಿಕೊಂಡು ಬಿಚ್ಚುವವನ ಕಷ್ಟ ಇಬ್ಬರ ಮಾತಿನಲ್ಲೂ ಬರುವುದಿಲ್ಲ. ರಥ ಇದೆಯೋ ಇಲ್ಲವೋ, ವಾದ ಮುಗಿದ ಮೇಲೆ ಆ ಗಾಲಿಯನ್ನು ಯಾರ ಅಂಗಳದಲ್ಲಿ ಇಟ್ಟರು?

ಗುಜರಿಯವನು ಬರುತ್ತಾನೆ. ಯೋಕಿನ ತಾಮ್ರಕ್ಕೆ ದರ ಇದೆ, ಹೀಟ್‌ಸಿಂಕಿನ ಅಲ್ಯೂಮಿನಿಯಂಗೆ ದರ ಇದೆ, ಟ್ರಾನ್ಸ್‌ಫಾರ್ಮರನ್ನು ತೂಕಕ್ಕೆ ಹಾಕಿಕೊಳ್ಳುತ್ತಾನೆ. ಟ್ಯೂಬು ಮಾತ್ರ ಬೇಡ ಎನ್ನುತ್ತಾನೆ. ಬಹಳ ಬಲವಂತ ಮಾಡಿದರೆ ಒಯ್ಯುತ್ತಾನೆ. ಊರ ಹೊರಗೆ ಕುತ್ತಿಗೆ ಮುರಿದು, ಅದರ ಮೇಲಿದ್ದ ಚೂರುಪಾರು ತಾಮ್ರ ಕಿತ್ತುಕೊಂಡು ಗಾಜನ್ನು ಹಳ್ಳಕ್ಕೆ ತಳ್ಳುತ್ತಾನೆ. ಅವನನ್ನು ಬೈಯುವ ಬಾಯಿ ನನಗಿಲ್ಲ. ಅವನ ಮಕ್ಕಳೇ ಆ ಗಾಜಿನ ಹತ್ತಿರ ಆಡುವುದು.

ಹೋದ ಬೇಸಿಗೆಯಲ್ಲಿ ಒಂದು ಅಶ್ವತ್ಥಕಟ್ಟೆಯ ಮೇಲೆ ಪಿಕ್ಚರ್ ಟ್ಯೂಬು ಕಂಡೆ. ನಮ್ಮ ಕಡೆ ಕಟ್ಟೆಗಳ ಮೇಲೆ ಏನೇನು ಸೇರುತ್ತದೆಂದು ಎಲ್ಲರಿಗೂ ಗೊತ್ತು. ಗಾಜು ಒಡೆದ ವೆಂಕಟರಮಣನ ಪಟ, ಮೂಗು ಮುಕ್ಕಾದ ಗಣಪತಿ, ಮಾಸಿದ ಕ್ಯಾಲೆಂಡರಿನ ಲಕ್ಷ್ಮಿ, ಬಣ್ಣ ಹೋದ ತೋರಣ. ಎಸೆದರೆ ಪಾಪ, ಇಟ್ಟುಕೊಂಡರೆ ದೋಷ, ಅದಕ್ಕೆ ಕಟ್ಟೆ. ಅವುಗಳ ನಡುವೆ ಮರಕ್ಕೆ ಬೆನ್ನು ಕೊಟ್ಟು ಈ ಟ್ಯೂಬು ಕೂತಿತ್ತು. ತೆರೆಯ ಮೇಲೆ ಯಾರೋ ಕುಂಕುಮ ಇಟ್ಟಿದ್ದರು. ನಗು ಬಂತು, ಅದರ ಬೆನ್ನಿಗೇ ಭಯವಾಯಿತು. ಶಾಲೆ ಬಿಟ್ಟು ಬರುವ ಹುಡುಗರು ಒಂದು ಕಲ್ಲು ಹೊಡೆದರೆ ಸಾಕು. ಗೋಣಿತಾಟು ಹೊದೆಸಿ, ಆಟೋದಲ್ಲಿ ಮನೆಗೆ ತಂದೆ. ಯಾರದೆಂದು ವಿಚಾರಿಸಲಿಲ್ಲ. ಆದರೆ ಆ ಟ್ಯೂಬಿನ ಪೆಟ್ಟಿಗೆ ಈಗ ಏನಾಗಿದೆ ಎಂದು ಊಹಿಸಲು ಕಷ್ಟವೇನಿಲ್ಲ. ಗೋಮೂತ್ರ ಚಿಮುಕಿಸಿ, ಅರಿಸಿನದ ನೀರಲ್ಲಿ ಒರೆಸಿ, ರಂಗೋಲಿ ಇಟ್ಟು ಅದನ್ನು ಮಡಿ ಮಾಡಿರುತ್ತಾರೆ. ಮಡಿ ಮಾಡುವುದೆಂದರೆ ನಮ್ಮ ಮನೆಯ ಮೈಲಿಗೆಯನ್ನು ಹೊಸ್ತಿಲಾಚೆ ದಾಟಿಸುವುದು ಎಂದಷ್ಟೇ ನಾವು ರೂಢಿ ಮಾಡಿಕೊಂಡಿದ್ದೇವೆ. ಆಚೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಆ ಮಡಿಯಲ್ಲಿ ಇಲ್ಲ. ಆಚೆ ಇರುವವರನ್ನೇ ಮೈಲಿಗೆ ಎಂದು ಕರೆದು ಕೈ ತೊಳೆದುಕೊಂಡ ಚರಿತ್ರೆಯೂ ನಮ್ಮ ಮನೆತನಗಳದ್ದೇ.

ಹಾಗೆಂದು ಬಿಟ್ಟದ್ದರ ಹೊಣೆ ಹೊರುವುದು ನಮ್ಮ ಪರಂಪರೆಗೆ ತಿಳಿದೇ ಇರಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಪುರಿ ಜಗನ್ನಾಥನ ನವಕಳೇವರವನ್ನು 2015ರಲ್ಲಿ ಟಿವಿಯಲ್ಲೇ ನೋಡಿದೆ. ಅಧಿಕ ಆಷಾಢ ಬರುವ ವರ್ಷಗಳಲ್ಲಿ ಬೇವಿನ ಮರದ ಹೊಸ ಮೂರ್ತಿಗಳನ್ನು ಮಾಡುತ್ತಾರೆ; 2015ಕ್ಕೆ ಮೊದಲು ಮಾಡಿದ್ದು 1996ರಲ್ಲಿ. ಹಳೆಯದರ ಒಳಗಿನ ಬ್ರಹ್ಮಪದಾರ್ಥವನ್ನು ನಡುರಾತ್ರಿ ಹೊಸದಕ್ಕೆ ದಾಟಿಸುತ್ತಾರೆ. ದಾಟಿಸುವ ದೈತಾಪತಿಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಆ ಭಾಗ ಕ್ಯಾಮೆರಾಕ್ಕೆ ಸಿಗುವುದಿಲ್ಲ, ಸಿಗಬಾರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನದು. ಖಾಲಿಯಾದ ಹಳೇ ಮೂರ್ತಿಗಳನ್ನು ಅವರು ಸಮುದ್ರಕ್ಕೆ ಒಯ್ಯುವುದಿಲ್ಲ, ಊರಾಚೆಗೂ ಕಳಿಸುವುದಿಲ್ಲ. ದೇವಸ್ಥಾನದ ಆವರಣದಲ್ಲೇ ಇರುವ ಕೊಯಿಲಿ ವೈಕುಂಠದಲ್ಲಿ ಹೂಳುತ್ತಾರೆ. ಆಮೇಲೆ ದೈತಾಪತಿಗಳು ಮನೆಯಲ್ಲಿ ಸಾವಾದಂತೆ ಸೂತಕ ಆಚರಿಸುತ್ತಾರೆ. ದೇವರು ಹೊಸ ಮೈಗೆ ಹೋಗಿಯಾಗಿದೆ. ಆದರೂ ಹಳೇ ಮೈ ಯಾರದ್ದೂ ಅಲ್ಲದ ಕಸವಾಗಲಿಲ್ಲ, ಅದರ ಹೊಣೆ ಹೊತ್ತವರು ಅದರ ಸೂತಕವನ್ನೂ ಹೊತ್ತರು.

ಪೌರೋಹಿತ್ಯ ಮಾಡುವ ನನ್ನ ಹಳೇ ಸ್ನೇಹಿತರೊಬ್ಬರು ಇದನ್ನು ಒಪ್ಪಲಿಲ್ಲ. “ಭಿನ್ನವಾದ ಶಿಲೆಯನ್ನು ಆಳವಾದ ನೀರಿಗೆ ಬಿಡು, ಮರವನ್ನು ಅಗ್ನಿಗೆ ಕೊಡು ಅಂತ ಆಗಮವೇ ಹೇಳತ್ತೆ. ಪಂಚಭೂತದಿಂದ ಬಂದದ್ದು ಪಂಚಭೂತಕ್ಕೆ. ನೀನು ಒಂದು ಗಾಜಿನ ಬುರುಡೆಗೆ ಇಷ್ಟು ತಲೆ ಕೆಡಿಸ್ಕೊಂಡರೆ ಹೆಂಗೆ ಮಾರಾಯ?” ಎಂದರು. ಅವರ ಮಾತಿನಲ್ಲಿ ತೂಕವಿದೆ. ಕಲ್ಲನ್ನು ತುಂಗೆ ತೆಗೆದುಕೊಳ್ಳುತ್ತಾಳೆ, ಬೇವಿನ ಮರವನ್ನು ಮಣ್ಣು ತೆಗೆದುಕೊಳ್ಳುತ್ತದೆ. ಆ ವಿಧಿ ಬರೆದವರು ಆಯಾ ವಸ್ತುವಿಗೆ ಒಪ್ಪುವ ತಾಣ ಯಾವುದೆಂದು ನೋಡಿಯೇ ಬರೆದಿದ್ದಾರೆ. ಸೀಸದ ಗಾಜನ್ನು ತುಂಗೆಗೆ ಬಿಟ್ಟರೆ ತುಂಗೆ ಅದನ್ನು ತನ್ನದಾಗಿ ಮಾಡಿಕೊಳ್ಳುವುದಿಲ್ಲ. ಬೆಂಕಿಗೆ ಹಾಕಿದರೆ ಇನ್ನೂ ಕೆಟ್ಟದ್ದು. ಐದು ಭೂತಗಳಲ್ಲಿ ಯಾವುದೂ ವಾಪಸ್ ತೆಗೆದುಕೊಳ್ಳದ ವಸ್ತುವನ್ನು ನಾವು ಮಾಡಿಕೊಂಡಿದ್ದೇವೆ. ಅದಕ್ಕೆ ಆಗಮದಲ್ಲಿ ಸಾಲು ಹುಡುಕಿದರೆ ಸಿಗದು. ಆ ಸಾಲುಗಳನ್ನು ಬರೆಸಿದ ವಿವೇಕ ಸಿಗುತ್ತದೆ.

ಆ ವಿವೇಕಕ್ಕೆ ಈಗ ಸರ್ಕಾರಿ ಭಾಷೆಯಲ್ಲಿ ಇ-ತ್ಯಾಜ್ಯ ನಿಯಮ ಎನ್ನುತ್ತಾರೆ. 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂತು. ಈಗ ಇರುವುದು 2022ರ ನಿಯಮ. ಮಾಡಿ ಮಾರಿದವನೇ ಕೊನೆಗೆ ಹೊಣೆ ಎಂಬುದು ಅದರ ಸಾರ. ಒಳ್ಳೆಯ ಮಾತು, ಕರ್ತೃವಿಗೇ ಕರ್ಮಫಲ. ಆದರೆ ಮರದ ಪೆಟ್ಟಿಗೆಯ ಕಾಲದ ಟಿವಿ ಕಂಪನಿಗಳಲ್ಲಿ ಎಷ್ಟೋ ಇವತ್ತು ಟಿವಿ ಮಾಡುತ್ತಲೇ ಇಲ್ಲ. ಕರ್ತೃ ಹೋಗಿ ಕರ್ಮ ಮಾತ್ರ ಉಳಿದಿದೆ. ಅಂಥದ್ದಕ್ಕೆ ಕೊನೆಯದಾಗಿ ಕೈಯಲ್ಲಿ ಹಿಡಿದವನೇ ವಾರಸುದಾರ ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆ ಘಟಕಕ್ಕೇ ಟ್ಯೂಬು ಹೋಗಬೇಕು, ಅದೂ ಒಡೆಯದೆ, ಇಡಿಯಾಗಿ. ಗಾಡಿ ಬರುವ ತನಕ ಕಾಯಬೇಕು, ಕೆಲವೊಮ್ಮೆ ತಿಂಗಳುಗಟ್ಟಲೆ. ತಾಮ್ರ ಮಾರಿ ಬಂದ ದುಡ್ಡು ಸಾಗಿಸುವ ಖರ್ಚಿಗೆ ಸಾಲದಿದ್ದರೆ ಕೈಯಿಂದ ಹಾಕಬೇಕು.

ದುರ್ಗಿಗುಡಿಯ ಹಿಂದಿನ ಒಂದು ಮನೆಯ ಅಮ್ಮ ಇದನ್ನೆಲ್ಲ ಕೂತು ಕೇಳಿ ಒಪ್ಪಿಕೊಂಡರು. ಯಜಮಾನರು ಕಂತಿನಲ್ಲಿ ಕೊಂಡಿದ್ದ ಸೆಟ್ಟು ಅವರದು. ಪೆಟ್ಟಿಗೆಯ ತಳಕ್ಕೆ ಗ್ರಾನೈಟ್ ಕಲ್ಲು ಕೂರಿಸಿದೆ. ಹಳೇ ವಾರ್ನಿಶ್ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಎಣ್ಣೆದೀಪ ಪೆಟ್ಟಿಗೆಯ ಹೊರಗೇ ಇರಲಿ ಎಂದು ಕರಾರು ಮಾಡಿಸಿಕೊಂಡೆ. ಹಿಂದಿನ ಗಾಳಿಕಿಂಡಿಗಳನ್ನು ಮುಚ್ಚಲಿಲ್ಲ, ಧೂಪದ ಹೊಗೆ ಹೋಗಲು ಬೇಕು. ಟ್ಯೂಬಿಗೆ ಕಂಬಳಿ ಸುತ್ತಿ, ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ ‘ಮುಟ್ಟಬೇಡಿ’ ಎಂದು ಬರೆದು ಅವರ ಮೆಟ್ಟಿಲ ಕೆಳಗೆ ಇರಿಸಿದೆವು. ಪ್ರತಿಷ್ಠೆಯ ದಿನ ಬಂದ ಪುರೋಹಿತರು ನನ್ನ ಆ ಸ್ನೇಹಿತರೇ. ಡಬ್ಬ ನೋಡಿ, ಇವತ್ತೊಂದು ದಿನ ಇದನ್ನು ಗೇಟಿನ ಆಚೆ ಇಡಬಹುದಿತ್ತಲ್ಲ ಎಂದರು. ಸೊಸೆ ಎದ್ದು ಎತ್ತಲು ಹೊರಟಳು. ಅಮ್ಮ ತಡೆದು, “ಬೇಡ ಬಿಡೇ, ಅದೂ ನಮ್ಮನೇದೇ. ನೀವು ಸಂಕಲ್ಪ ಶುರು ಮಾಡಿ ಭಟ್ರೇ” ಎಂದರು. ಭಟ್ಟರು ಒಂದು ಗಳಿಗೆ ಸುಮ್ಮನಿದ್ದು ಆಚಮನಕ್ಕೆ ನೀರು ತೆಗೆದುಕೊಂಡರು.

ಈಗ ಯಾರೇ ಬಂದರೂ ನಾನು ಮೊದಲು ಟ್ಯೂಬಿನ ಮಾತು ಎತ್ತುತ್ತೇನೆ, ಆಮೇಲೆ ದರ. ಅದಕ್ಕೇ ಬೇಸರ ಮಾಡಿಕೊಂಡು ಎದ್ದು ಹೋದವರಿದ್ದಾರೆ. ಇಲ್ಲೇ ಪಕ್ಕದ ಬಡಾವಣೆಯ ಬಡಗಿಯೊಬ್ಬ ನನ್ನ ಅರ್ಧ ದುಡ್ಡಿಗೆ ಮಾಡಿಕೊಡುತ್ತಾನಂತೆ, ಬಾಗಿಲಿಗೆ ಹಿತ್ತಾಳೆಯ ಗಂಟೆಗಳನ್ನೂ ಕಟ್ಟಿಕೊಡುತ್ತಾನಂತೆ. ಟ್ಯೂಬನ್ನು ಏನು ಮಾಡುತ್ತೀಯ ಎಂದು ಒಂದು ದಿನ ಅವನನ್ನೇ ಕೇಳಿ, ಬೇಕಾದರೆ ನನ್ನ ಮನೆಗೆ ತಂದು ಹಾಕು ಎಂದು ಹೇಳಿ ಬರಬೇಕೆಂದಿದ್ದೇನೆ.